ಬಂದೂಕಿನ ಮೇಲೊಂದು ದೂರು

ದೂರು ಕೊಟ್ಟವರು ಯಾರು ಎಂಬುದು ಊರಿಗೆಲ್ಲ ಗೊತ್ತಿತ್ತು. ಎದುರಿಗೆ ನಿಂತು ಕೇಳಿದವರು ಮಾತ್ರ ಒಬ್ಬರೂ ಇರಲಿಲ್ಲ.

ಪೊಲೀಸ್ ಹನಾಮುರ ಕಿನುಯೊಳ ಜಗಲಿಯ ಮೇಲೆ ಕೂತು, ಅವಳು ಕೊಟ್ಟ ಚಹಾವನ್ನು ಪಕ್ಕಕ್ಕಿಟ್ಟು, ಕಾಗದ ಬಿಡಿಸಿ ಓದಿದ. 'ಗೆಂಜಿರೊನ ಕೈಯಲ್ಲಿ ಬಂದೂಕು ಇರಬಾರದು. ಆ ಮನೆಯಲ್ಲಿ ಅನಾಹುತವಾಗುತ್ತದೆ. ದಯವಿಟ್ಟು ಬೇಗ ಬಂದು ಒಯ್ಯಿರಿ.' ಕೆಳಗೆ ಹೆಸರಿಲ್ಲ. ಯಾರ ಕೈಬರಹವೆಂದು ತಿಳಿಯದ ಹಾಗೆ ಅಕ್ಷರಗಳನ್ನು ಅಳತೆಪಟ್ಟಿ ಇಟ್ಟು ಎಳೆದಿದ್ದರು.

"ಹೆಸರಿಲ್ದೇ ಇದ್ರೂ ನಾವು ವಿಚಾರಿಸ್ಲೇಬೇಕು, ಅಜ್ಜಿ. ಪಕ್ಕದ ಮನೆಯವರು ನೀವು. ಗೆಂಜಿರೊ ಕುಡೀತಾರಾ?"

"ಹಬ್ಬಕ್ಕೆ ಒಂದು ಲೋಟ. ನೀನೇನು ಹಾಲು ಕುಡೀತೀಯಾ?"

"ನಿದ್ದೆ ಸರಿಯಾಗಿ ಮಾಡ್ತಾರಾ?"

"ಮಲಗಿದ್ರೆ ಮರದ ದಿಮ್ಮಿ."

"ಹೆಂಡತಿ ತೀರ್ಕೊಂಡ್ಮೇಲೆ ಏನಾದ್ರೂ ಬದಲಾವಣೆ?"

"ಬಟ್ಟೆ ಒಗೆಯೋದು ಕಲ್ತಿದಾನೆ. ಅದನ್ನೂ ಬರ್ಕೋ."

ಹನಾಮುರ ನಕ್ಕ, ಬರೆದುಕೊಂಡ. ಕಿನುಯೊ ಹೇಳಿದ್ದರಲ್ಲಿ ಒಂದೂ ನಿಜವಲ್ಲ. ಗೆಂಜಿರೊನ ಅಂಗಳದ ತಂತಿಯ ಮೇಲೆ ಒಂದೇ ಅಂಗಿ ಒಂಬತ್ತು ದಿನದಿಂದ ನೇತಾಡುತ್ತಿತ್ತು. ಬೇಟೆಯಿಂದ ಬಂದವನು ಬೂಟನ್ನೂ ಕಳಚದೆ, ಮಂಡಿಯ ಮೇಲೆ ಬಂದೂಕು ಇಟ್ಟುಕೊಂಡು, ಮಧ್ಯಾಹ್ನವಿಡೀ ಹೊಸ್ತಿಲಲ್ಲಿ ಕೂತಿರುವುದನ್ನು ಅವಳು ಬೇಲಿಯಾಚೆಯಿಂದ ಎಷ್ಟೋ ಸಲ ನೋಡಿದ್ದಳು. ಕರೆದರೆ ಎರಡನೆಯ ಕೂಗಿಗೆ ತಿರುಗುತ್ತಿದ್ದ. ಆದರೆ ಅದು ಪೊಲೀಸನಿಗೆ ಹೇಳುವ ಮಾತೇ?

ಜಪಾನಿನ ಆ ಕಣಿವೆಯಲ್ಲಿ ಉಳಿದಿದ್ದ ಬಂದೂಕು ಅದೊಂದೇ. ತೋಳಗಳು ಅಳಿದು ನೂರು ವರ್ಷ ದಾಟಿತ್ತು. ಹಿಮವೂ ಮೊದಲಿನಷ್ಟು ಬೀಳುತ್ತಿರಲಿಲ್ಲ, ಹುಟ್ಟಿದ ಜಿಂಕೆಮರಿಗಳೆಲ್ಲ ಬದುಕಿಕೊಳ್ಳುತ್ತಿದ್ದವು. ಬೇಟೆಗಾರರು ಮಾತ್ರ ಒಬ್ಬೊಬ್ಬರಾಗಿ ಮುದುಕರಾಗಿ ಹೋದರು. ಜಿಂಕೆಗಳು ಭತ್ತದ ಸಸಿ ತಿಂದವು, ಸೋಯಾ ತಿಂದವು, ಕಾಡಿನಲ್ಲಿ ಹಸಿರು ಮುಗಿದ ಮೇಲೆ ಮರದ ತೊಗಟೆಯನ್ನೂ ಬಿಡಲಿಲ್ಲ.

ಆ ವರ್ಷ ಗೆಂಜಿರೊ ಒಬ್ಬನೇ ನಲವತ್ತಮೂರು ಜಿಂಕೆ ಹೊಡೆದಿದ್ದ. ಹೊಡೆಯುವುದು, ರಕ್ತ ಬಸಿಯುವುದು, ಗುಡ್ಡದಿಂದ ಎಳೆದು ತರುವುದು, ಸುಲಿಯುವುದು, ಪೊಟ್ಟಣ ಕಟ್ಟಿ ಮನೆಮನೆಗೆ ಹಂಚುವುದು. ಕೆಸರಾದದ್ದು ಅವನ ಕೈ, ಮೊಸರಾದದ್ದು ಊರಿನ ಬಾಯಿ. ಅವನು ಮಾತ್ರ ಈಚೆಗೆ ಮಾಂಸ ಮುಟ್ಟುತ್ತಿರಲಿಲ್ಲ. "ಬಾಯಿಗೆ ಏನೂ ಗೊತ್ತಾಗಲ್ಲ" ಎನ್ನುತ್ತಿದ್ದ. ಅದನ್ನು ಹೇಳುವಾಗ ಬೇಸರವೂ ಕಾಣುತ್ತಿರಲಿಲ್ಲ.

ಹಿಮ ಕರಗುವ ಕಾಲಕ್ಕೆ ಒಮ್ಮೆ, "ಸಾಕು, ಬಂದೂಕು ಒಪ್ಪಿಸ್ಬಿಡ್ತೀನಿ" ಅಂದಿದ್ದ. ಅವತ್ತೇ ಊರಿನ ಹದಿನೇಳು ಮನೆಯವರೂ ಅವನ ಚಾಪೆಯ ಮೇಲೆ ಸಾಲಾಗಿ ಕೂತು ಹಣೆಯನ್ನು ನೆಲಕ್ಕೆ ಹಚ್ಚಿದರು. ಅಷ್ಟು ತಲೆಗಳು ಬಾಗಿದ ಮೇಲೆ ಒಲ್ಲೆ ಎನ್ನುವ ಗಂಡಸು ಆ ಕಡೆ ಇನ್ನೂ ಹುಟ್ಟಿಲ್ಲ. "ಆಗಲಿ" ಎಂದ. ಮತ್ತೆ ಆ ಮಾತು ಎತ್ತಲಿಲ್ಲ.

ಇಂಥವನ ಮೇಲೆ ದೂರು ಅಂದರೆ ಚಿಹರು ಅಲ್ಲದೆ ಇನ್ಯಾರು? ಒಸಾಕಾದಿಂದ ಬಂದು ಊರಲ್ಲಿ ಬ್ರೆಡ್ ಮಾಡಿ ಮಾರುವ ಹುಡುಗಿ. ಸತ್ತ ಮರಿಯನ್ನು ಕಂಡು ನಡುರಸ್ತೆಯಲ್ಲೇ ಅತ್ತವಳು. "ಜಿಂಕೆ ಮೇಲಿರೋ ಕರುಣೆ ನಮ್ಮ ಹೊಟ್ಟೆ ಮೇಲೂ ಒಂಚೂರು ಇರ್ಲಿ" ಎಂದು ಕಿನುಯೊ ಅವಳ ಬ್ರೆಡ್ಡನ್ನೇ ಬಿಟ್ಟಳು. ಹುಡುಗಿ ಎದುರಾಗಿ ನಮಸ್ಕರಿಸಿದರೆ ಜನ ಬೆಟ್ಟದ ಕಡೆ ನೋಡುತ್ತಿದ್ದರು. ಪೊಲೀಸನ ಮುಂದೆ ಅವಳೂ ಗೆಂಜಿರೊನನ್ನು ಹೊಗಳಿದಳಂತೆ. ನಾಟಕ ಎಂದಿತು ಊರು.

ಗೆಂಜಿರೊ ಮಾತ್ರ ಯಾರು ಬರೆದರೆಂದು ಕೇಳಲೇ ಇಲ್ಲ. "ಪೊಲೀಸರು ಯಾವತ್ತು ಬರ್ತಾರೆ?" ಎಂದಷ್ಟೇ ಕೇಳಿದ. ತನ್ನ ಬೇಟೆನಾಯಿಯನ್ನು ತಮ್ಮನ ಮನೆಗೆ ಬಿಟ್ಟುಬಂದ. ಬಂದವರಿಗೆ ಬೊಗಳುತ್ತದೆಂದು ಇರಬೇಕು. ಅವರು ಬರುವ ದಿನ ಬೆಳಿಗ್ಗೆ ಬಂದೂಕಿಗೆ ಎಣ್ಣೆ ಒರೆಸಿ, ಬಟ್ಟೆ ಸುತ್ತಿ, ಪರವಾನಗಿಯ ಕಾಗದಗಳನ್ನು ದಾರದಲ್ಲಿ ಕಟ್ಟಿ ಹೊಸ್ತಿಲ ಮೇಲೆ ಇಟ್ಟಿದ್ದ. ಕಿನುಯೊಗೆ ಹೆಮ್ಮೆಯಾಯಿತು. ಹುಳುಕಿಲ್ಲದವನಿಗೆ ಹೆದರಿಕೆ ಯಾಕೆ?

ವಿಚಾರಣೆ ಮುಗಿಯುವತನಕ ಬಂದೂಕು ಠಾಣೆಯಲ್ಲಿತ್ತು. ಆ ಹತ್ತು ದಿನ ಗೆಂಜಿರೊ ತಂತಿಯ ಮೇಲಿನ ಅಂಗಿ ತೆಗೆದ, ಅಂಗಳ ಗುಡಿಸಿದ, ಕಿನುಯೊಳಿಂದ ಉಪ್ಪಿನಕಾಯಿ ಕೇಳಿ ತೆಗೆದುಕೊಂಡ. ಎದೆಗುಂದದ ಜೀವ ಎಂದುಕೊಂಡಳು ಅವಳು.

ಹನ್ನೊಂದನೆಯ ದಿನ ಹನಾಮುರ ತಾನೇ ಬಂದೂಕು ತಂದುಕೊಟ್ಟ. "ಹದಿನೇಳು ಮನೆಯವರೂ ನಿಮ್ಮ ಪರವಾಗಿ ನಿಂತರು. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ" ಎಂದು ತಲೆಬಾಗಿದ. ಗೆಂಜಿರೊ ಎರಡೂ ಕೈಯಲ್ಲಿ ತೆಗೆದುಕೊಂಡ. ರಸೀದಿಗೆ ಸಹಿಯ ಬದಲು ತನ್ನ ಹೆಸರಿನ ಮುದ್ರೆ ಒತ್ತಿದ.

ಪೊಲೀಸನ ಗಾಡಿ ಇಳಿಜಾರು ದಾಟುತ್ತಿದ್ದಂತೆ ಕಿನುಯೊ ಮೂಲಂಗಿ, ಹುದುಗಿಸಿದ ಸೋಯಾದ ಮಿಸೊ ಹಾಕಿ ಬೇಯಿಸಿದ ಜಿಂಕೆ ಸಾರಿನ ಪಾತ್ರೆ ಹಿಡಿದು ಬಂದಳು. ಅವನು ಹೊಸ್ತಿಲಲ್ಲಿ ಕೂತಿದ್ದ. ಬಂದೂಕು ಮಂಡಿಯ ಮೇಲಿತ್ತು.

"ಎಲ್ರೂ ಒಂದೇ ಮಾತು ಹೇಳಿದ್ರಂತೆ" ಎಂದ.

"ಮತ್ತೆ? ನಿನ್ನ ಕೈ ಬಿಡ್ತೀವಾ, ಗೆಂಜಿರೊ ಅಣ್ಣ?"

"ನೀನೂ ಹೇಳ್ದೆಯಾ? ದಿನಾ ನೋಡ್ತಿದ್ದೆಯಲ್ಲ."

"ನಾನೇ ಮೊದ್ಲು ಹೇಳಿದ್ದು! ಆ ಹುಡುಗಿ ಇನ್ನು ಈ ಊರಲ್ಲಿ ಹೇಗೆ ತಲೆ ಎತ್ತಿ ಓಡಾಡ್ತಾಳೋ ನೋಡ್ತೀನಿ."

ಅವನು ಪಾತ್ರೆಯ ಮುಚ್ಚಳ ತೆಗೆಯಲಿಲ್ಲ. ಮುಖದಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ.

"ಅವಳನ್ನ ಬಿಟ್ಬಿಡು, ಕಿನುಯೊ" ಎಂದ. "ಆ ಕಾಗದ ಬರೆದಿದ್ದು ನಾನೇ."