ವಜ್ರ ಹೆಕ್ಕುವ ಯಂತ್ರ

ಸಮುದ್ರದ ತಳದ ಜಲ್ಲಿಯನ್ನು ಹೀರಿ ವಜ್ರ ತೆಗೆಯುವ ಹಡಗಿಗೆ ಒಡವೆ ಅಂಗಡಿಯ ಸಾಹುಕಾರ ತನ್ನ ದೊಡ್ಡ ದೊಡ್ಡ ಗಿರಾಕಿಗಳನ್ನು ಪ್ರವಾಸ ಕರೆತಂದಿದ್ದ. ಹೆಂಗಸರ ಕಿವಿಗಳಲ್ಲೆಲ್ಲ ಅವನ ಅಂಗಡಿಯ ವಜ್ರದೋಲೆಗಳೇ. ಅವನ ಹೆಂಡತಿಯ ಕಾಲಂತೂ ನೆಲದ ಮೇಲಿರಲಿಲ್ಲ. ಕೆಸರು ಮೆತ್ತಿಕೊಂಡು ದುಡಿಯುತ್ತಿದ್ದವರನ್ನು ಕಂಡು, "ಥೂ, ಇಂಥವರ ಕೈ ತಾಗಿದ್ದನ್ನ ನಾವು ಹಾಕ್ಕೋಬೇಕಲ್ಲ!" ಎಂದು ತಲೆ ಕೊಡವಿದಳು. ಕೊಡವಿದ ರಭಸಕ್ಕೆ ಒಂದು ಓಲೆ ಕಳಚಿ, ಜಲ್ಲಿಯೊಳಗೆ ಬಿದ್ದು, ಯಂತ್ರದ ಹೊಟ್ಟೆ ಸೇರಿತು.

"ಯಂತ್ರ ವಜ್ರವನ್ನು ಹೆಕ್ಕಿ ಪೆಟ್ಟಿಗೆಗೆ ಹಾಕ್ತದೆ ಅಮ್ಮ. ಪೆಟ್ಟಿಗೆಗೆ ಬಿದ್ದದ್ದೆಲ್ಲ ಕಂಪನಿಯದ್ದು. ವಾಪಸ್ ಕೊಡ್ಲಿಕ್ಕೆ ಆಗೂದಿಲ್ಲ" ಎಂದ ಮಂಗಳೂರು ಕಡೆಯ ಕಾವಲುಗಾರ.

"ರೀ, ಸುಮ್ನೆ ನಿಂತಿದ್ದೀರಲ್ಲ, ಏನಾದ್ರೂ ಹೇಳ್ರೀ!"

"ಹೋಗ್ಲಿ ಬಿಡೇ" ಎಂದ ಸಾಹುಕಾರ. "ಊರಿಗೆ ಹೋದ ಮೇಲೆ ಅದರಪ್ಪನಂಥದ್ದು ಮಾಡಿಸಿಕೊಡ್ತೀನಿ."

ಎಂಥ ದೊಡ್ಡ ಮನಸ್ಸು ಎಂದು ಗಿರಾಕಿಗಳು ಚಪ್ಪಾಳೆ ತಟ್ಟಿದರು. ಹೆಂಡತಿ ಅಳು ನುಂಗಿ ಹೆಮ್ಮೆಯಿಂದ ಉಬ್ಬಿದಳು.

ಅಷ್ಟರಲ್ಲಿ ಕಾವಲುಗಾರ ಯಂತ್ರದ ಹಿಂದಿನಿಂದ ಓಲೆ ಹಿಡಿದುಕೊಂಡು ಬಂದ. "ನಿಮ್ಮ ಅದೃಷ್ಟ ಅಮ್ಮ, ಯಂತ್ರ ಇದನ್ನು ಪೆಟ್ಟಿಗೆಗೆ ಹಾಕ್ಲೇ ಇಲ್ಲ. ಸಮುದ್ರಕ್ಕೆ ವಾಪಸ್ ಎಸೆಯುವ ಕಲ್ಲಿನ ರಾಶಿಯಲ್ಲಿ ಸಿಕ್ತು. ತಗೊಳ್ಳಿ."

"ಯಂತ್ರ ಕೆಟ್ಟಿರಬೇಕು" ಎಂದು ಸಾಹುಕಾರ ನಕ್ಕ. ಬೇರೆ ಯಾರೂ ನಗಲಿಲ್ಲ.

ಗಿರಾಕಿಗಳಲ್ಲಿ ಹಿರಿಯಳಾದ ಹೆಂಗಸು ತನ್ನ ಓಲೆ ಬಿಚ್ಚಿ, ಸಾಹುಕಾರನ ಮುಖವನ್ನೇ ನೋಡುತ್ತ, ಜಲ್ಲಿಯೊಳಗೆ ಎಸೆದಳು. ಉಳಿದವರು ಪೆಟ್ಟಿಗೆಯ ಕಡೆ ತಿರುಗಿಯೂ ನೋಡದೆ, ಸೀದಾ ಕಲ್ಲಿನ ರಾಶಿಯ ಮುಂದೆ ಹೋಗಿ ನಿಂತರು.