ನಾಣ್ಯದ ಮೇಲಿನ ಆನೆ

ಮದುವೆಯಾದರೆ ಹೆಸರು ಕಳೆದುಕೊಳ್ಳಬೇಕಲ್ಲ ಎಂಬ ಕಳವಳವನ್ನು ಇಂಚರ ಮೂರು ದಿನದಿಂದ ಡೈರಿಗಷ್ಟೇ ಹೇಳಿಕೊಂಡಿದ್ದಳು. ಇವತ್ತು ಹೆಣ್ಣು ನೋಡಲು ಬಂದ ಗಂಡಿನ ತಂದೆ ಹೊಸ ಹೆಸರನ್ನು ಆರಿಸಿಕೊಂಡೇ ಬಂದಿದ್ದರು.

“ಇಂಚರ ಅಂದ್ರೆ ಹಕ್ಕಿ ಕೂಗಿದ ಹಾಗಿದೆ. ಭಾಗ್ಯಲಕ್ಷ್ಮಿ ಅನ್ನಿ, ತೂಕ ಇರುತ್ತೆ. ಮದುವೆ ದಿನ ಅಕ್ಕಿ ತಟ್ಟೇಲಿ ಬರೆಸ್ತೀವಿ. ನಮ್ಮನೆ ಪದ್ಧತಿ.”

ಆಮೇಲೆ ಅವರು ಮಖಮಲ್ಲಿನ ಡಬ್ಬಿಯಿಂದ ಹಳೆಯ ಬೆಳ್ಳಿ ನಾಣ್ಯವೊಂದನ್ನು ತೆಗೆದು ತೋರಿಸಿದರು. ಅದರಲ್ಲಿ ಯಾವುದೋ ಪರದೇಶದ ರಾಜನ ಮುಖವಿತ್ತು. ಅವನ ಕೆನ್ನೆಯ ಮೇಲೆಯೇ ಪುಟ್ಟ ಆನೆಯೊಂದನ್ನು ಒತ್ತಿದ್ದರು.

“ಹಡಗಲ್ಲಿ ಬಂದ ಇದನ್ನ ಸಂತೇಲಿ ಯಾರೂ ಮೂಸ್ತಿರ್ಲಿಲ್ಲ. ಪಾಳೇಗಾರರಾಗಿದ್ದ ನಮ್ಮ ಹಿರೀಕರು ಆನೆ ಮುದ್ರೆ ಹೊಡೆಸಿದ್ರು ನೋಡಿ, ಆಗ ಚಲಾವಣೆಗೆ ಬಂತು. ಹೊರಗಿಂದ ಬಂದಿದ್ದಕ್ಕೆ ಬೆಲೆ ಬರೋದೇ ನಮ್ಮನೆ ಮುದ್ರೆಯಿಂದ!”

“ಹೌದೌದು,” ಎಂದು ಅಪ್ಪ ತಟ್ಟೆಯ ಮೈಸೂರುಪಾಕನ್ನು ಅವರತ್ತ ಸರಿಸಿದರು.

“ಹುಡುಗಿ ಇತಿಹಾಸದಲ್ಲಿ ಎಂ.ಎ. ಅಂತಲ್ಲ? ಆ ಮುದ್ರೆ ಯಾಕೆ ಹೊಡೆಸಿದ್ರು ಅಂತ ನೀನೇ ಎಲ್ರಿಗೂ ಹೇಳಮ್ಮ, ಭಾಗ್ಯಲಕ್ಷ್ಮಿ.”

ಎಲ್ಲರೂ ಅವಳತ್ತ ತಿರುಗಿದರು. ಅವಳ ಕಿವಿ ಕೆಂಪಾಯಿತು, ಆದರೂ ಬಾಯಿ ತೆರೆದಳು.

“ಸ್ವಂತ ನಾಣ್ಯ ಮಾಡಿಸೋಕೆ ಅವರ ಹತ್ರ ಬೆಳ್ಳಿ ಇರ್ಲಿಲ್ಲ, ಸರ್.”