ಮೂರಕ್ಕೆ ಮೂರು

ಗೆರಿಟ್ ಹುಕ್‌ಸ್ಟ್ರಾ ಒಂದರ ಹಿಂದೊಂದು ಸೀನಿ, ಕಣ್ಣೊರೆಸಿಕೊಂಡು, ತೊಂದರೆ ಎಷ್ಟಿದೆ ಎಂದು ಕೇಳುವ ಪರದೆಯ ಮೇಲೆ 'ಒಂದು' ಒತ್ತಿದ. ಸೊನ್ನೆ ಎಂದರೆ ಏನೂ ಇಲ್ಲ, ಮೂರು ಎಂದರೆ ತಡೆಯಲಾಗದು. ಹೊಸ ಔಷಧಿ ಪರೀಕ್ಷಿಸುವ ಕಿಂಗ್‌ಸ್ಟನ್ನಿನ ಆ ಗಾಜಿನ ಕೋಣೆಯಲ್ಲಿ ಫ್ಯಾನುಗಳು ಬರ್ಚ್ ಮರದ ಪರಾಗವನ್ನು ಹಾರಿಸುತ್ತಲೇ ಇದ್ದವು.

ಹೋದ ವಾರ ಎಲ್ಲರಿಗೂ ಚುಚ್ಚಿದ್ದರು. ಅರ್ಧ ಜನಕ್ಕೆ ಅಲರ್ಜಿ ತಡೆಯುವ ಹೊಸ ಆ್ಯಂಟಿಬಾಡಿ ಇಂಜೆಕ್ಷನ್, ಉಳಿದವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಚುಚ್ಚಿದ ನರ್ಸಿಗೂ ಗೊತ್ತಿಲ್ಲ. ಗೆರಿಟ್ ಬಂದದ್ದು ಮೊಮ್ಮಗಳು ಟೆಸ್ಸಾಳಿಗಾಗಿ. ವಸಂತ ಬಂತೆಂದರೆ ಇದೇ ಪರಾಗಕ್ಕೆ ಆ ಹುಡುಗಿ ಕಿಟಕಿ ಮುಚ್ಚಿಕೊಂಡು ಏದುಸಿರು ಬಿಡುತ್ತಾಳೆ.

"ಅಲ್ಲ ಮಾರಾಯಾ, ಮೂಗು ನಲ್ಲಿ ಥರ ಸುರೀತಿದೆ. ಒಂದಂತೆ ಒಂದು," ಎಂದಳು ಪಕ್ಕದ ಕುರ್ಚಿಯ ಫರ್ನ್. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ಬಾಯಿ ಜೋರು.

"ಹಸು ಒದ್ದು ಪಕ್ಕೆಲುಬು ಮುರಿದಾಗ್ಲೂ ಹಾಲು ಕರೆದು ಮುಗಿಸಿದೋನು ನಾನು. ಸೀನಿಗೆಲ್ಲ ಮೂರು ಒತ್ತೋಕಾಗತ್ತಾ?"

"ದೊಡ್ಡ ಶೂರ. ನನ್ನ ಮೂಗು ನೋಡು, ಒಣಗಿದ ಕೆರೆ. ನಂಗೆ ಸಿಕ್ಕಿದ್ದು ಔಷಧೀನೇ ಇರಬೇಕು. ನಿಂಗೆ ಉಪ್ಪುನೀರೇ ಇರಬೇಕು. ಆದ್ರೆ ನೀನೂ ಚೆನ್ನಾಗಿದೀನಿ ಅಂದ್ರೆ, ಔಷಧಿ ಏನು ಮಾಡ್ತು ಅಂತ ಯಾರಿಗೆ ಗೊತ್ತಾಗತ್ತೆ?"

"ಅಲ್ಲಿ ಮಾತು ಸಾಕು," ಎಂದು ಗಾಜಿನಾಚೆಯಿಂದ ನರ್ಸ್ ಗದರಿದಳು.

ಗೆರಿಟ್‌ನ ಮನೆತನದಲ್ಲೇ ಯಾರೂ ನೋವು ಎಂದು ಬಾಯಿಬಿಟ್ಟವರಲ್ಲ. ಅದೇ ಅವರ ದೊಡ್ಡಸ್ತಿಕೆ. ಆ ದೊಡ್ಡಸ್ತಿಕೆಯಿಂದಲೇ ತಾನು ಮೊಮ್ಮಗಳ ಔಷಧಿಗೆ ಅಡ್ಡಗಾಲು ಹಾಕುತ್ತಿದ್ದೇನೆ ಎಂದು ತಿಳಿದು ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಕೈಯೆತ್ತಿ ನರ್ಸನ್ನು ಕರೆದ.

"ಆಗ್ಲೇ ಒತ್ತಿದ್ದು ಸುಳ್ಳು ಕಣಮ್ಮ. ಅದು ಒಂದಲ್ಲ, ಮೂರು."

"ಒತ್ತಿದ್ದನ್ನ ಬದಲಾಯಿಸೋಕಾಗಲ್ಲ, ಹೀಗೆ ಹೇಳಿದ್ರಿ ಅಂತ ಬರ್ಕೋತೀನಿ. ಇನ್ಮೇಲಾದ್ರೂ ನಿಜ ಒತ್ತಿ."

ಪರದೆ ಮತ್ತೆ ಕೇಳಿದಾಗಲೆಲ್ಲ ಗೆರಿಟ್ ಬೆನ್ನು ನೆಟ್ಟಗೆ ಮಾಡಿ ಕೂತು ಮೂರು ಒತ್ತಿದ. ಕಣ್ಣು ಊದಿ ಟೊಮೇಟೊ ಆದರೂ ಎದ್ದು ಹೊರಗೆ ಹೋಗಲಿಲ್ಲ.

ಸಂಜೆ ಬಾಗಿಲಲ್ಲಿ ಹೆಂಡತಿ ಹೆಂಡ್ರಿಕಾ ಕಾಫಿ ಹಿಡಿದು ಕಾಯುತ್ತಿದ್ದಳು. "ಹೇಗಿತ್ತು?" ಎಂದು ಅಭ್ಯಾಸಬಲದಿಂದ ಕೇಳಿದಳು. ಮದುವೆಯಾದಾಗಿನಿಂದ ಅದಕ್ಕೆ 'ಪರವಾಗಿಲ್ಲ' ಬಿಟ್ಟು ಬೇರೆ ಉತ್ತರ ಕೇಳಿದವಳಲ್ಲ.

"ತುಂಬಾ ಕಷ್ಟ ಆಯ್ತು ಕಣೇ," ಎಂದ ಗೆರಿಟ್, ದನಗಳ ಪ್ರದರ್ಶನದಲ್ಲಿ ಮೊದಲ ಬಹುಮಾನ ಗೆದ್ದವನ ಹಾಗೆ ಎದೆಯುಬ್ಬಿಸಿ.